ಕಫದಲ್ಲಿ ಕಂಡದ್ದೆಲ್ಲ ಟಿಬಿ ಅಲ್ಲ

ಕಫ ಪರೀಕ್ಷೆ ಪಾಸಿಟಿವ್ ಬಂತು, ಟಿಬಿ ಮಾತ್ರೆ ಶುರುವಾಯಿತು, ಆರು ತಿಂಗಳು ಕಳೆದರೂ ಕೆಮ್ಮು ಹಾಗೇ ಇದೆ, ತೂಕ ಇಳಿಯುತ್ತಲೇ ಇದೆ. ಹೀಗೆ ಬರುವವರಲ್ಲಿ ಹಲವರಿಗೆ ಮೊದಲೇ ಸಿಒಪಿಡಿಯೋ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ), ಬ್ರಾಂಕಿಯೆಕ್ಟಾಸಿಸೋ (ಶ್ವಾಸನಾಳ ಹಿಗ್ಗಿ ಕಫ ನಿಲ್ಲುವ ಕಾಯಿಲೆ), ಹಳೆಯ ಟಿಬಿಯಿಂದಾದ ಕಲೆಯೋ ಇರುತ್ತದೆ. ನಾನು ಮೊದಲು ಕೇಳುವುದು ಕಫದ ಕಲ್ಚರ್ ರಿಪೋರ್ಟ್, ಅಂದರೆ ಕಫದಲ್ಲಿನ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ಯಾವುದೆಂದು ನೋಡುವ ಪರೀಕ್ಷೆಯದು.

ಟಿಬಿ ರೋಗಾಣುವಿಗೆ ದಾಯಾದಿಗಳು ಬಹಳ, 190ಕ್ಕೂ ಜಾಸ್ತಿ. ಇವನ್ನು ಎನ್‌ಟಿಎಂ (ಟಿಬಿಯದ್ದಲ್ಲದ ಮೈಕೋಬ್ಯಾಕ್ಟೀರಿಯಾ) ಎನ್ನುತ್ತೇವೆ. ಮಣ್ಣಿನಲ್ಲಿ, ನೀರಿನಲ್ಲಿ, ನಲ್ಲಿ ಮತ್ತು ಶವರ್ ಒಳಗಿನ ಲೋಳೆಯಲ್ಲಿ ಇರುತ್ತವೆ. ನಾವೆಲ್ಲ ಇವನ್ನು ಉಸಿರಿನೊಂದಿಗೆ ಎಳೆದುಕೊಳ್ಳುತ್ತಲೇ ಇರುತ್ತೇವೆ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಹೆಚ್ಚಾಗಿ, ಕಫ ಸರಿಯಾಗಿ ಹೊರಬರದ ಶ್ವಾಸಕೋಶ ಸಿಕ್ಕಾಗ ಅಲ್ಲೇ ಬೀಡುಬಿಡುತ್ತವೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಟಿಬಿಯಂತೆಯೇ ಕೆಂಪು ಕಡ್ಡಿಗಳು. ಹಾಗಾಗಿ ಸ್ಮಿಯರ್ (ಈ ಮೈಕ್ರೋಸ್ಕೋಪ್ ಪರೀಕ್ಷೆ) ಪಾಸಿಟಿವ್ ಇದ್ದು, ಟಿಬಿ ರೋಗಾಣುವಿನ ಡಿಎನ್‌ಎ ಹುಡುಕುವ ಜೀನ್‌ಎಕ್ಸ್‌ಪರ್ಟ್‌ನಲ್ಲಿ ಟಿಬಿ ಕಾಣದಿದ್ದರೆ ಅನುಮಾನ ಬರಲೇಬೇಕು.

ಇದರ ಉಲ್ಟಾ ತಪ್ಪೂ ಆಗುತ್ತದೆ. ಒಂದು ಸಲ ಕಲ್ಚರ್‌ನಲ್ಲಿ ಎನ್‌ಟಿಎಂ ಬೆಳೆದ ಮಾತ್ರಕ್ಕೆ ಕಾಯಿಲೆ ಇದೆ ಎಂದಲ್ಲ, ನೀರಿನಿಂದ ಸುಮ್ನೆ ಸೇರಿಕೊಂಡಿರಬಹುದು. ಬೇರೆ ಬೇರೆ ದಿನದ ಎರಡು ಕಫದಲ್ಲಾದರೂ ಅದೇ ಜಾತಿ ಬೆಳೆಯಬೇಕು, ಸಿಟಿ ಸ್ಕ್ಯಾನ್‌ನಲ್ಲಿ ಗುರುತು ಇರಬೇಕು, ತೊಂದರೆಯೂ ಇರಬೇಕು. ಇಷ್ಟೆಲ್ಲ ಇದ್ದರೂ ಕಾಯಿಲೆ ಸೌಮ್ಯವಾಗಿದ್ದರೆ ಕೆಲವರಿಗೆ ಔಷಧಿ ಕೊಡದೆ, ಕಫ ಹೊರಹಾಕುವ ವ್ಯಾಯಾಮ ಕಲಿಸಿ, ಕಾದು ನೋಡುತ್ತೇವೆ. ಶ್ವಾಸಕೋಶದಲ್ಲಿ ಕುಳಿ ಬಿದ್ದಿದ್ದರೆ ಮಾತ್ರ ಕಾಯುವ ಮಾತಿಲ್ಲ.

ಎನ್‌ಟಿಎಂಗಳಲ್ಲಿ ಹೆಚ್ಚಾಗಿ ಕಾಣುವುದು ಎಂಎಸಿ (ಮೈಕೋಬ್ಯಾಕ್ಟೀರಿಯಂ ಏವಿಯಂ ಕಾಂಪ್ಲೆಕ್ಸ್) ಎಂಬ ಗುಂಪು. ಇದಕ್ಕೆ ಅಜಿಥ್ರೊಮೈಸಿನ್, ರಿಫಾಂಪಿಸಿನ್, ಎಥಾಂಬ್ಯುಟಾಲ್ ಮೂರನ್ನೂ ಒಟ್ಟಿಗೆ ಕೊಡುತ್ತೇವೆ. ನನ್ನನ್ನು ನಿಜವಾಗಿ ಕಾಡುವ ವಿಷಯ ಬೇರೆ. ಪದೇ ಪದೇ ಕೆಮ್ಮು ಉಲ್ಬಣಿಸುವ ಸಿಒಪಿಡಿ, ಬ್ರಾಂಕಿಯೆಕ್ಟಾಸಿಸ್ ರೋಗಿಗಳಿಗೆ ಅಜಿಥ್ರೊಮೈಸಿನ್ ಒಂದನ್ನೇ ತಿಂಗಳುಗಟ್ಟಲೆ ಕೊಡುವುದುಂಟು. ಕೊಡಬಾರದು ಎಂದಲ್ಲ, ಉಪಯೋಗವಿದೆ. ಆದರೆ ಒಳಗೆ ಎನ್‌ಟಿಎಂ ಅಡಗಿದ್ದರೆ ಅದು ಆ ಒಂದೇ ಔಷಧಿಗೆ ಪಳಗಿಬಿಡುತ್ತದೆ, ಆಮೇಲೆ ನಮ್ಮ ಕೈಯಲ್ಲಿದ್ದ ಮುಖ್ಯ ಅಸ್ತ್ರವೇ ಹೋದಂತೆ ಅಲ್ವಾ? ಶುರು ಮಾಡುವ ಮೊದಲೇ ಕಲ್ಚರ್ ಮಾಡಿಸಿ.

ಎಥಾಂಬ್ಯುಟಾಲ್ ತಗೊಳ್ಳುವಾಗ ಕಣ್ಣು ಮಂಜಾದರೆ, ಕೆಂಪು-ಹಸಿರು ಗೊಂದಲವಾದರೆ ಮಾತ್ರೆ ನಿಲ್ಲಿಸಿ ತಕ್ಷಣ ವೈದ್ಯರಿಗೆ ಹೇಳಿ. ಅಜಿಥ್ರೊಮೈಸಿನ್‌ನಿಂದ ಕೆಲವರಿಗೆ ಕಿವಿ ಮಂದವಾಗುತ್ತದೆ. ‘ಇನ್ನೆಷ್ಟು ದಿನ ಡಾಕ್ಟ್ರೇ?’ ಎಂದು ಎಲ್ಲರೂ ಕೇಳುತ್ತಾರೆ. ಕಫದ ಕಲ್ಚರ್ ನೆಗೆಟಿವ್ ಆದ ಮೇಲೆ ಕನಿಷ್ಠ 12 ತಿಂಗಳು. ಮೊದಲ ಮಾತ್ರೆ ನುಂಗಿದ ದಿನದಿಂದ ಲೆಕ್ಕ ಹಾಕುವಂತಿಲ್ಲ.