ಓದುಗರ ಪ್ರಶ್ನೆ: ಹೊಸ ಕಿಟಕಿ ಸೋರುತ್ತಾ ಅಂತ ಮಳೆಗೆ ಮೊದಲೇ ನೋಡೋದು ಹೇಗೆ?

"ಮೂಡಿಗೆರೆ ಹತ್ತಿರ ಮನೆ ಕಟ್ಟಿಸಿದ್ದೇವೆ, ಗೃಹಪ್ರವೇಶ ಮೇ ತಿಂಗಳಲ್ಲಿ. ಕಿಟಕಿ ಸೋರುತ್ತಾ ಅಂತ ಈಗಲೇ ತಿಳಿಯೋದು ಹೇಗೆ?"

ಬೇಸಿಗೆ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಉತ್ತರ ಮಾತ್ರ ಅದೇ. ತೋಟದ ಪೈಪ್ ತನ್ನಿ. ಒಬ್ಬರು ಹೊರಗೆ ನೀರು ಬಿಡಿ, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ನೋಡಿ. ಮೊದಲು ಕೆಳ ಅಂಚು, ಆಮೇಲೆ ಎರಡೂ ಪಕ್ಕ, ಕೊನೆಗೆ ಸಜ್ಜದ ಕೆಳಗೆ. ಒಂದೊಂದು ಕಡೆ ಐದು-ಹತ್ತು ನಿಮಿಷ ನೀರು ಬೀಳಲಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಇಳಿದು, ಎಲ್ಲಿ ನುಗ್ಗಿತು ಅಂತಲೇ ಗೊತ್ತಾಗೋದಿಲ್ಲ. ಒಂದು ಬಕೆಟ್ ಎರಚಿ "ಏನೂ ಆಗಲಿಲ್ಲ" ಅನ್ನಬೇಡಿ. ಬೈಕ್ ತೊಳೆಯುವ ಪ್ರೆಷರ್ ಗನ್ನೂ ಬೇಡ, ಅದಕ್ಕೆ ಒಳ್ಳೆ ಕಿಟಕಿಯೂ ಸೋರೀತು. ಗುತ್ತಿಗೆದಾರರ ಲೆಕ್ಕ ಚುಕ್ತಾ ಮಾಡುವ ಮೊದಲು ಇದು ಮುಗಿಯಲಿ.

ಇನ್ನು "ಸೋರಿದರೆ ಸಿಲಿಕೋನ್ ಹೊಡೆದರಾಯ್ತು" ಅನ್ನುವ ಮಾತು. ಸಿಲಿಕೋನ್ ಅಂದರೆ ಸಂದು ಮುಚ್ಚಲು ಟ್ಯೂಬಿನಿಂದ ಹಿಂಡುವ, ರಬ್ಬರಿನಂಥ ಅಂಟು. ಎಷ್ಟು ಸಲ ಹೇಳಿದರೂ ಇದು ಸಾಯುವುದಿಲ್ಲ!

ಸ್ಲೈಡಿಂಗ್ ಕಿಟಕಿಯ ಕೆಳಗಿನ ಟ್ರ್ಯಾಕ್ ನೋಡಿ. ಮಳೆ ಬಂದಾಗ ಅದರೊಳಗೆ ನೀರು ಬರುವುದು ತಪ್ಪಲ್ಲ. ಆ ನೀರು ಹೊರಗೆ ಹೋಗಲೆಂದೇ ಚೌಕಟ್ಟಿನ ಹೊರಮುಖದಲ್ಲಿ, ಕೆಳಗೆ, ಉದ್ದನೆಯ ಸಣ್ಣ ತೂತುಗಳಿರುತ್ತವೆ. ನಮ್ಮವರು ಮಾಡುವುದೇನು? "ಇಲ್ಲೇ ನೋಡಿ ಸಾರ್ ಲೀಕ್" ಅಂತ ಅದಕ್ಕೇ ಸಿಲಿಕೋನ್ ತುಂಬುತ್ತಾರೆ. ಆರಿದ್ರಾ ಮಳೆಗೆ ಗಾಳಿ ಸೇರಿಕೊಂಡರೆ ಟ್ರ್ಯಾಕ್ ತುಂಬಿ, ನೀರು ಒಳಗಿನ ಗೋಡೆಗೆ ಇಳಿಯುತ್ತದೆ. ಆಗ ಮತ್ತೊಂದು ಟ್ಯೂಬ್ ಸಿಲಿಕೋನ್! ಟ್ರ್ಯಾಕಿಗೆ ಒಂದು ಲೋಟ ನೀರು ಸುರಿದು ನೋಡಿ. ಹೊರಗೆ ಸರಾಗವಾಗಿ ಹರಿದರೆ ಸರಿ. ನಿಂತರೆ ಸಿಮೆಂಟ್, ಪೇಂಟ್ ಕಟ್ಟಿಕೊಂಡಿರುತ್ತದೆ, ಕಡ್ಡಿಯಿಂದ ಬಿಡಿಸಿ.

ಒಳಗಿನಿಂದ ಸಿಲಿಕೋನ್ ಬಳಿಯುವುದಂತೂ ಇನ್ನೂ ಕೆಟ್ಟದ್ದು. ನೀರು ಗೋಡೆಯೊಳಗೇ ಉಳಿದು, ಬೇರೆಲ್ಲೋ ಪ್ಲಾಸ್ಟರ್ ಉಬ್ಬುತ್ತದೆ. ಚೌಕಟ್ಟಿಗೂ ಗೋಡೆಗೂ ನಡುವಿನ ಸಂದು ಮುಚ್ಚಬೇಕಾದ್ದು ಹೊರಗಿನಿಂದ. ಧೂಳು ಒರೆಸಿ, ಪೂರ್ತಿ ಒಣಗಿದ ಮೇಲೆ. ಹಳೆ ಸಿಲಿಕೋನ್ ಮೇಲೆ ಹೊಸದು ನೆಟ್ಟಗೆ ಕೂರುವುದಿಲ್ಲ, ಕಿತ್ತು ತೆಗೆಯಿರಿ. ಹುಳಿ ವಾಸನೆ ಬರುವ ಅಗ್ಗದ ಸಿಲಿಕೋನ್ ಸಿಮೆಂಟಿಗೆ ಆಗಿಬರುವುದಿಲ್ಲ. ಅಂಗಡಿಯಲ್ಲಿ 'ನ್ಯೂಟ್ರಲ್' ಅಂತ ಕೇಳಿ ತನ್ನಿ. ಕಿಟಕಿಯ ಹೊರಗಿನ ಕಟ್ಟೆ ಒಳಗಡೆಗೆ ವಾಲಿದ್ದರೆ ಮಾತ್ರ ಯಾವ ಟ್ಯೂಬೂ ಉಳಿಸುವುದಿಲ್ಲ. ಅದನ್ನು ಒಡೆಸಿ ಹೊರಕ್ಕೆ ಇಳಿಜಾರು ಕೊಡಿಸಲೇಬೇಕು.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ, ಏಕೆಂದರೆ ಜುಲೈನಲ್ಲಿ ಕೇಳುತ್ತೀರಿ. ಮರದ ಕಿಟಕಿ ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ಹಾಕಲೂ ಆಗದೆ ತೆಗೆಯಲೂ ಆಗದೆ ಕೂರುತ್ತದೆ. ತಕ್ಷಣ ಬಡಗಿಯನ್ನು ಕರೆಸಿ ಅಂಚು ಕೀಸಿಸಬೇಡಿ. ಫೆಬ್ರವರಿಯಲ್ಲಿ ಮರ ಒಣಗಿದಾಗ ಬೆರಳು ತೂರುವಷ್ಟು ಸಂದು ಬಿಡುತ್ತದೆ, ಮುಂದಿನ ವರ್ಷ ಮಳೆ ಅಲ್ಲಿಂದಲೇ ಒಳಗೆ. ಈಗಲೇ, ಒಣಗಿರುವಾಗ, ಕಿಟಕಿ ಬಾಗಿಲ ಮೇಲಂಚಿಗೂ ಕೆಳಂಚಿಗೂ ಪೇಂಟ್ ಹೊಡೆಸಿ. ಕಣ್ಣಿಗೆ ಕಾಣದ ಜಾಗ ಅಂತ ಪೇಂಟರ್ ಬಿಟ್ಟಿರುತ್ತಾನೆ, ಕೈಯಾಡಿಸಿ ನೋಡಿ.