ಸೋರುವ ಮಾಳಿಗೆ ಮತ್ತು ಹಣೆಬರಹ: ‘ಹೋಗಲಾರೆ’ ಓದುವುದು ಹೇಗೆ

ಪ್ರಶ್ನೆ ಇದು: ನಮ್ಮ ತತ್ವಪದ, ಕೀರ್ತನೆಗಳಲ್ಲಿ ಮನುಷ್ಯ ವಿಧಿಗೆ ಕಟ್ಟುಬಿದ್ದವನೋ, ಬದಲಾಗಬಲ್ಲವನೋ? ಧಾರವಾಡದ ರೂಮಿನಲ್ಲಿ ಕೂತು ಒಂದು ವಾರ ಇದರ ಜೊತೆ ಗುದ್ದಾಡಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಶಿಶುನಾಳ ಶರೀಫರ (1819–1889) ‘ಸೋರುತಿಹುದು ಮನೆಯ ಮಾಳಿಗಿ’ ಪದದಿಂದ ಶುರು ಮಾಡಿದೆ. ಮನೆ ಅಂದರೆ ದೇಹ ಅನ್ನುವುದೆಲ್ಲ ನಿಮಗೆ ಗೊತ್ತೇ ಇದೆ. ನಾನು ಮೊದಲು ಇದನ್ನು ಸೋತವನ ಹಾಡು ಅಂತ ಬರೆದಿದ್ದೆ. ಮನೆ ಸೋರುತ್ತಿದೆ, ಗಟ್ಟಿ ಮಾಡುವವರಿಲ್ಲ, ಮೇಲೆ ಹತ್ತಲು ನನ್ನಿಂದ ಆಗದು. ಹಣೆಬರಹ ಅಂತ ಕೈಚೆಲ್ಲಿದ ಹಾಗೆ ಕೇಳುತ್ತದೆ, ಅಲ್ವಾ?

ಮೊದಲು ಎಡವಿದ್ದು ‘ದಾರು ಗಟ್ಟಿ ಮಾಳ್ಪರಿಲ್ಲ’ ಅನ್ನುವಲ್ಲಿ. ಸಂಸ್ಕೃತದ ‘ದಾರು’, ಅಂದರೆ ಮರ, ಅಂದುಕೊಂಡೆ. ಮುಂದೆ ತೊಲೆ, ಜಂತಿ ಬರುವುದರಿಂದ ಅರ್ಥ ಕೂಡಿಯೂ ಬಿಟ್ಟಿತು. ಆದರೆ ನಮ್ಮ ಕಡೆ ಹಳೆಯ ಮಂದಿ ‘ಯಾರು’ ಅನ್ನಲು ‘ದಾರು’ ಅಂತಾರೆ. ಗಟ್ಟಿ ಮಾಡುವವರು ಯಾರೂ ಇಲ್ಲ, ಅಷ್ಟೇ.

ನಿಜವಾಗಿ ಸಿಕ್ಕಿಕೊಂಡದ್ದು ಮುಂದಿನ ಸಾಲಿನಲ್ಲಿ. ‘ಕಾಳಕತ್ತಲೆಯೊಳಗೆ ನಾನು ಮೇಲಕೇರಿ ಹೋಗಲಾರೆ.’ ನನ್ನ ಕಣ್ಣಿಗೆ ಬಿದ್ದಿದ್ದು ‘ಹೋಗಲಾರೆ’ ಮಾತ್ರ. ನಿಧಾನಕ್ಕೆ ಬಿಡಿಸೋಣ. ‘ಹೋಗೆನು’ ಅಂದಿದ್ದರೆ ಮನಸ್ಸಿಲ್ಲ ಅಂತ ಓದಬಹುದಿತ್ತು. ‘ಹೋಗಬಾರದು’ ಅಂದಿದ್ದರೆ ಏನೋ ಅಡ್ಡಿ ಇದೆ, ಕಟ್ಟಳೆ ಇದೆ. ‘ಹೋಗಲಾರೆ’ಯಲ್ಲಿ ಮನಸ್ಸಿದೆ, ಕೈಲಾಗುತ್ತಿಲ್ಲ. ಯಾಕೆ ಆಗುತ್ತಿಲ್ಲ? ಉತ್ತರ ಅದೇ ಸಾಲಿನ ಮೊದಲ ಪದದಲ್ಲಿದೆ. ಆ ಪದವನ್ನು ಬೆರಳಿನಿಂದ ಮುಚ್ಚಿ ಓದಿ: ‘ನಾನು ಮೇಲಕೇರಿ ಹೋಗಲಾರೆ.’ ಈಗ ಅದು ಸಾಯುವ ತನಕ ಇರುವ ಅಸಹಾಯಕತೆ. ಬೆರಳು ತೆಗೆಯಿರಿ. ಕತ್ತಲೆ ಇರುವ ತನಕ ಮಾತ್ರ ಹೋಗಲಾರೆ. ದೀಪ ಬಂದರೆ ಏಣಿ ಹತ್ತಬಹುದು. ಆ ಕತ್ತಲೆ ಯಾವುದು ಅಂತ ಪಲ್ಲವಿಯಲ್ಲೇ ಹೇಳಿಯಾಗಿದೆ: ‘ಅಜ್ಞಾನದಿಂದ’.

ಇಲ್ಲಿಂದ ನನಗೊಂದು ಸುಲಭದ ದಾರಿ ಸಿಕ್ಕಿತು. ಹಾಡಿನಲ್ಲಿ ವಿಧಿ, ಹಣೆಬರಹ ಅನ್ನುವ ಪದಗಳನ್ನು ಹುಡುಕುವ ಮೊದಲು ಕಾರಣ ತೋರಿಸುವ ‘ಇಂದ’ ಎಲ್ಲೆಲ್ಲಿದೆ ಅಂತ ನೋಡಿ. ಸೋರುವುದು ಅಜ್ಞಾನದಿಂದ. ಕೊನೆಯ ನುಡಿಯಲ್ಲಿ ‘ಕಾಂತೆ ಕೇಳೆ ಕರುಣದಿಂದ ಬಂತು ಕಾಣೆ ಹುಬ್ಬಿ ಮಳೆಯು’ ಅಂತ ಬರುತ್ತದೆ; ಹುಬ್ಬಿ ಅಂದರೆ ಹುಬ್ಬಾ ನಕ್ಷತ್ರದ ಮಳೆ. ಕರುಣದಿಂದ ಕೇಳು ಅಂತಲೂ ಓದಬಹುದು. ನಾನು ‘ಬಂತು’ ಜೊತೆ ಕೂಡಿಸುತ್ತೇನೆ. ಆಗ ಮಳೆ ಬಂದದ್ದು ಕರುಣೆಯಿಂದ, ಸೋರಿದ್ದು ನಮ್ಮ ಅಜ್ಞಾನದಿಂದ. ಮಳೆಯ ಮೇಲೆ ಶರೀಫರು ತಪ್ಪು ಹೊರಿಸುವುದೇ ಇಲ್ಲ.

ಗದಗಿನ ಹತ್ತಿರ ನಮ್ಮ ಅಜ್ಜಿಯ ಮನೆಗೂ ಮಣ್ಣಿನ ಮಾಳಿಗೆ ಇತ್ತು. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಮಣ್ಣು. ಮಳೆಗಾಲ ಬರುವ ಮೊದಲು ಮೇಲೆ ಬೆಳೆದ ಕರಕಿ ಹುಲ್ಲನ್ನು ಬೇರುಸಹಿತ ಕೀಳಬೇಕು. ಹೊಸ ಮಣ್ಣು ಹಾಕಿ ಗಟ್ಟಿಯಾಗಿ ಬಡಿಯಬೇಕು. ಬಿಟ್ಟರೆ ಬೇರಿನ ಸಂದಿಯಲ್ಲಿ, ಇರುವೆ ಕೊರೆದ ತೂತಿನಲ್ಲಿ ನೀರು ಇಳಿಯುತ್ತದೆ. ಒಂದು ವರ್ಷ ಮಾವ ಆ ಕೆಲಸ ಬಿಟ್ಟ. ಹುಬ್ಬಿ ಮಳೆಗೆ ಪಡಸಾಲೆ ತುಂಬ ಪಾತೇಲಿ ಇಟ್ಟೆವು. ಮಾವ ಮಳೆಗೆ ಬೈಯುತ್ತಿದ್ದ. ಅಜ್ಜಿ, “ಮಳಿಗೆ ಯಾಕ ಬೈತಿ? ಕರಕಿ ಕಿತ್ತಿದ್ದೇನ?” ಅಂದಳು. ಶರೀಫರ ಪದದಲ್ಲೂ ಇದೇ ಕರಕಿ, ಇದೇ ಇರುವೆ ಇವೆ. ಅವು ಕಿತ್ತು ತೆಗೆಯಬಹುದಾದ ವಸ್ತುಗಳು. ಹಣೆಬರಹವನ್ನು ಹಾಗೆ ಕೀಳಲು ಬರುವುದಿಲ್ಲ.

ಹಾಡು, ದೇವರು ಕಾಯುತ್ತಾನೆ ಅಂತ ‘ನಂಬಿದೆ’ ಅನ್ನುತ್ತಾ ಮುಗಿಯುತ್ತದಲ್ಲ, ಅದು ಶರಣಾಗತಿ ಅಲ್ವಾ ಅಂತ ಗೆಳೆಯ ಕೇಳಿದ. ಹೌದು. ಆದರೆ ನಂಬಿದ್ದೂ ಆ ಮನುಷ್ಯನೇ ಮಾಡಿದ ಕೆಲಸ.

ಕನಕದಾಸರನ್ನು ಬೇಗ ಮುಗಿಸುತ್ತೇನೆ. ಅವರ ಊರು ಬಾಡವೂ ಶಿಶುನಾಳದ ಹಾಗೆ ಇಂದಿನ ಹಾವೇರಿ ಜಿಲ್ಲೆಯದೇ. ‘ತಲ್ಲಣಿಸದಿರು ಕಂಡ್ಯ ತಾಳು ಮನವೇ’ಯಲ್ಲಿ ಕಲ್ಲೊಳಗಿನ ಕಪ್ಪೆಗೂ ಅನ್ನ ಕೊಡುವವನು ದೇವರು. ಹೊಟ್ಟೆಯ ಚಿಂತೆ ಪೂರ್ತಿ ಅವನಿಗೆ ಬಿಟ್ಟಾಯಿತು. ಆದರೆ ‘ತಲ್ಲಣಿಸದಿರು’ ಅಂತ ಹೇಳುವುದು ಮನಸ್ಸಿಗೆ. ಬದಲಾಗದ ಮನಸ್ಸಿಗೆ ಯಾರೂ ಹಾಗೆ ಹೇಳುವುದಿಲ್ಲ.

ಪುರಂದರದಾಸರ ‘ಆದದ್ದೆಲ್ಲಾ ಒಳಿತೇ ಆಯಿತು’ ಕೀರ್ತನೆಯ ಪಲ್ಲವಿ ಮಾತ್ರ ಕೇಳಿದರೆ ವಿಧಿಯನ್ನು ಒಪ್ಪಿಕೊಂಡ ಹಾಗಿದೆ. ಒಳಗೆ ಹೋಗಿ. ಹರಿದಾಸರು ಹಿಡಿಯುವ ದಂಡಿಗೆ (ತಂಬೂರಿ), ಬೆತ್ತ ಹಿಡಿಯಲು ತಲೆತಗ್ಗಿಸಿ ನಾಚುತ್ತಿದ್ದೆ ಅನ್ನುತ್ತಾರೆ. ಆಮೇಲೆ ಹೆಂಡತಿ ಅದನ್ನು ‘ಹಿಡಿಸಿದಳಯ್ಯ’. ಹಿಡಿದೆ ಅನ್ನಲಿಲ್ಲ, ಹಿಡಿಸಿದಳು ಅಂದರು. ಶರೀಫರು ‘ದಾರು ಇಲ್ಲ’ ಅಂದ ಜಾಗದಲ್ಲಿ ಇಲ್ಲಿ ಒಬ್ಬಳು ಬಂದು ನಿಂತಿದ್ದಾಳೆ. ಈ ಎರಡು ಸಾಲನ್ನು ಪಕ್ಕಪಕ್ಕ ಇಟ್ಟುಕೊಂಡೇ ನಾಳೆ ಉತ್ತರ ಮತ್ತೆ ಬರೆಯುತ್ತೇನೆ.