ಭದ್ರಾ ಹಿನ್ನೀರಿಗೆ 12 ಕಿಲೋಮೀಟರ್ ವೇಗಮಿತಿ ಬೇಡವೇ ಬೇಡ

ಲಕ್ಕವಳ್ಳಿಯ ಟೀ ಅಂಗಡಿಯಲ್ಲಿ ಮೊನ್ನೆ ಜೋರು ಚರ್ಚೆ. ಭದ್ರಾ ಹಿನ್ನೀರಿನಲ್ಲಿ ಮೋಟಾರು ದೋಣಿ ಎಷ್ಟು ವೇಗವಾಗಿ ಹೋಗಬೇಕು? ದೋಣಿ ಓಡಿಸುವ ಹುಡುಗ ಗಂಟೆಗೆ 25 ಕಿಲೋಮೀಟರ್ ಬೇಕೇ ಬೇಕು ಅಂದ. ಮೀನು ಹಿಡಿಯುವವರು, ಐದೇ ಸಾಕು, ನಮ್ಮ ತೆಪ್ಪ ಮಗುಚುತ್ತೆ ಅಂದರು. ಕೊನೆಗೆ ಹಿರಿಯರೊಬ್ಬರು 'ಅದೂ ಬೇಡ, ಇದೂ ಬೇಡ, 12 ಮಾಡ್ಕೊಳ್ರಪ್ಪ' ಅಂದಾಗ ಎಲ್ಲರೂ ತಲೆಯಾಡಿಸಿದರು. ನನಗೆ ತಡೆಯಲಾಗಲಿಲ್ಲ. ಜಮೀನಿನ ಜಗಳವನ್ನು ಹೀಗೆ ನಡುವೆ ಬದು ಹಾಕಿ ಬಗೆಹರಿಸಬಹುದು. ಅಲೆಯ ಲೆಕ್ಕ ಹಾಗಲ್ಲ. 6 ಮೀಟರ್ ದೋಣಿಗೆ ಆ ನಡುವಿನ ವೇಗವೇ ಎಲ್ಲಕ್ಕಿಂತ ಕೆಟ್ಟದ್ದು.

ದೋಣಿ ಹೊರಟ ಕೂಡಲೇ ಮೂತಿಯ ಹತ್ತಿರ ಒಂದು ಅಲೆ ಏಳುತ್ತದೆ. ಅದರ ಹಿಂದೆ ಇನ್ನೊಂದು, ಮತ್ತೊಂದು. ದೋಣಿಯ ವೇಗ ಎರಡರಷ್ಟಾದರೆ ಈ ಅಲೆಗಳ ನಡುವಿನ ದೂರ ನಾಲ್ಕರಷ್ಟಾಗುತ್ತದೆ. 5 ಕಿಲೋಮೀಟರ್ ವೇಗದಲ್ಲಿ ಆ ದೂರ ಬರೀ 1.2 ಮೀಟರ್. 11ಕ್ಕೆ ಬಂದಾಗ ಸರಿಯಾಗಿ 6 ಮೀಟರ್, ಅಂದರೆ ದೋಣಿಯಷ್ಟೇ ಉದ್ದ! ಮೂತಿ ಒಂದು ಅಲೆಯ ಮೇಲೆ, ಬಾಲ ಮುಂದಿನ ಅಲೆಯ ಮೇಲೆ. ಇನ್ನು ಚೂರು ಜಾಸ್ತಿ ಮಾಡಿ ನೋಡಿ. ಹಿಂದಿನ ಅಲೆ ದೂರ ಸರಿಯುತ್ತದೆ, ಬಾಲ ತಗ್ಗಿಗೆ ಕುಸಿಯುತ್ತದೆ, ಮೂತಿ ಆಕಾಶ ನೋಡುತ್ತದೆ. ಮುಳ್ಳಯ್ಯನಗಿರಿ ಹತ್ತುವ ಜೀಪಿನ ಹಾಗೆ ಎಂಜಿನ್ ಮುಕ್ಕರಿಯುತ್ತದೆ. ಜೀಪಿಗೆ ಏರು ಒಂದು ಕಡೆ ಮುಗಿಯುತ್ತದೆ, ದೋಣಿಯ ಏರು ಅದರ ಜೊತೆಗೇ ಓಡುತ್ತಿರುತ್ತದೆ. ಸುಟ್ಟ ಡೀಸೆಲ್ ಎಲ್ಲ ಅಲೆಯಾಗಿ ದಡಕ್ಕೆ ಬಡಿಯುತ್ತದೆ. ಅಲೆಯ ಎತ್ತರ ಎರಡರಷ್ಟಾದರೆ ಪೆಟ್ಟಿನ ಶಕ್ತಿ ನಾಲ್ಕರಷ್ಟು.

ಇನ್ನೊಂದು ಸಂಗತಿ ಇದೆ. ಆಳವಿಲ್ಲದ ಕಡೆ ಅಲೆಯ ಓಟಕ್ಕೇ ಮಿತಿ ಇದೆ. 1 ಮೀಟರ್ ನೀರಿನಲ್ಲಿ ಅದು ಗಂಟೆಗೆ 11 ಕಿಲೋಮೀಟರ್ ಚಿಲ್ಲರೆ. ದೋಣಿಯೂ ಅದೇ ವೇಗದಲ್ಲಿ ಬಂದರೆ ಅಲೆಗೆ ಮುಂದೆ ಓಡಲು ದಾರಿ ಇಲ್ಲ. ಜಾತ್ರೆಯಲ್ಲಿ ತೇರಿನ ಮುಂದೆ ಜನ ಒತ್ತಿಕೊಂಡ ಹಾಗೆ ನೀರು ಗುಡ್ಡೆಯಾಗುತ್ತದೆ.

ಸ್ಕಾಟ್ಲೆಂಡಿನವರಿಗೆ ಇದನ್ನು ಕಲಿಸಿದ್ದು ಒಂದು ಕುದುರೆ! ಅಲ್ಲಿನ ಕಾಲುವೆಗಳಲ್ಲಿ ದೋಣಿ ಎಳೆಯುತ್ತಿದ್ದದ್ದು ಕುದುರೆಗಳು. ಹ್ಯೂಸ್ಟನ್ ಎಂಬವರ ಕುದುರೆ ಒಂದು ದಿನ ಬೆದರಿ, ದೋಣಿಯನ್ನೂ ಎಳೆದುಕೊಂಡು ಓಡಿಬಿಟ್ಟಿತು. ನೋಡಿದರೆ, ದಡ ಕೊರೆಯುತ್ತಿದ್ದ ಹಿಂಬದಿಯ ಅಲೆಯೇ ಮಾಯ. ದೋಣಿಯೂ ಹಗುರಾಗಿ ಸಾಗಿತು. ಅದು ತನ್ನ ಅಲೆಯನ್ನೇ ದಾಟಿ ಹೋಗಿತ್ತು. ಕಾಲುವೆಯಲ್ಲಿ ಒಂಟಿಯಾಗಿ ಓಡುತ್ತಿದ್ದ ಅಲೆಯೊಂದನ್ನು 1834ರಲ್ಲಿ ಕುದುರೆ ಮೇಲೆ ಬೆನ್ನಟ್ಟಿದ ಎಂಜಿನಿಯರ್ ಜಾನ್ ಸ್ಕಾಟ್ ರಸೆಲ್ ಈ ಕಥೆಯನ್ನು ದಾಖಲಿಸಿದ್ದಾರೆ.

ಹಾಗಾದ್ರೆ 25 ಸರಿ ಅಲ್ವಾ? ಅಲ್ಲ. 25 ಮುಟ್ಟಲು ಹೋಗುವಾಗ ಒಮ್ಮೆ, ನಿಲ್ಲಿಸುವಾಗ ಒಮ್ಮೆ 12ನ್ನು ಹಾದೇ ಹೋಗಬೇಕು. ಪ್ರವಾಸಿಗರು ಹಕ್ಕಿ ನೋಡಲಿ ಅಂತ ದೋಣಿ ನಿಧಾನ ಮಾಡುವುದೂ ಹಿನ್ನೀರಿನೊಳಗಿನ ದ್ವೀಪದ ಹತ್ತಿರವೇ. ಬೇಸಿಗೆಯಲ್ಲಿ ನೀರು ಇಳಿದಾಗ ಅಲ್ಲಿ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆ ಇಡುತ್ತವೆ. ಗೂಡು ಅಂತ ಏನೂ ಇಲ್ಲ, ನೆಲದಲ್ಲಿ ಕೆರೆದ ಸಣ್ಣ ಗುಳಿ ಅಷ್ಟೇ. ಕಲ್ಲಿನ ಬಣ್ಣದ ಚುಕ್ಕಿ ಮೊಟ್ಟೆಗಳು. ಅಂಚಿನ ಗುಳಿಯೊಳಗೆ ಒಂದು ಅಲೆ ನುಗ್ಗಿದರೆ ಮುಗೀತು. ಅಲ್ಲಿಗೆ ತಲುಪುವ ಎಷ್ಟೋ ಮೊದಲೇ 8ಕ್ಕಿಂತ ಕೆಳಗೆ ಇಳಿಸಿರಬೇಕು.

'ನನ್ ದೋಣೀಲಿ ಮೀಟರೇ ಇಲ್ವಲ್ಲ ಸಾರ್' ಅಂದ ಹುಡುಗ. ಆಮೇಲೆ ಅವನೇ ಸ್ವಲ್ಪ ಯೋಚಿಸಿ ಕೇಳಿದ: 'ನೀರಿನ ಕ್ಯಾನು ಹಿಂದಕ್ಕೆ ಜಾರುತ್ತಲ್ಲ, ಆ ಸ್ಪೀಡೇ ತಾನೆ ನೀವು ಬೇಡ ಅಂತಿರೋದು?'

ಹೌದು, ಅದೇ.